ಸೇವಂತಿಗೆಗೆ ಹೂವು ಬಿಡಿಸೋದು ಯಾವಾಗ?

ಫ್ಲ್ಯಾಟಿನ ಕಿಟಕಿಯಲ್ಲಿ ಸೇವಂತಿಗೆ ಇಟ್ಟೋರ ಪ್ರಶ್ನೆ ಒಂದೇ: ಗಿಡ ಹಸಿರಾಗಿ ಚೆನ್ನಾಗಿದೆ, ಹೂವು ಯಾಕಿಲ್ಲ? ಗೊಬ್ಬರ ಸುರಿಯೋ ಮುಂಚೆ, ರಾತ್ರಿ ನಿಮ್ಮ ಟ್ಯೂಬ್‌ಲೈಟ್ ಎಷ್ಟು ಹೊತ್ತಿಗೆ ಆರುತ್ತೆ ನೋಡಿ.

ಸೇವಂತಿಗೆ ರಾತ್ರಿಯ ಉದ್ದ ಅಳೆಯೋ ಗಿಡ. ಸುಮಾರು 12 ಗಂಟೆಗಿಂತ ಹೆಚ್ಚು, ಎಡೆಬಿಡದ ಕತ್ತಲು ಸಿಕ್ಕರೆ ಮೊಗ್ಗು. ನಡುರಾತ್ರಿ ಬೆಳಕು ಬಿದ್ದರೆ ಒಂದು ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿಬಿಡುತ್ತೆ. ಯು.ಎಸ್. ಶಿಫ್ಟ್‌ನವರ ಮನೆಯಲ್ಲಿ ಗಿಡಕ್ಕೂ ಅದೇ ಶಿಫ್ಟು! ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿಯೆಲ್ಲ ಬಲ್ಬು ಉರಿಸ್ತಾರಲ್ಲ, ಅದೂ ಇದಕ್ಕೇ. ಗಿಡ ದೊಡ್ಡದಾಗೋವರೆಗೆ ಹೂವನ್ನ ತಡೆಯೋಕೆ.

ನೀವೂ ಹಾಗೇ ಮಾಡಿ. ಗೇಣುದ್ದದ ಗಿಡಕ್ಕೆ ಹೂವಿನ ಆತುರ ಬೇಡ. ತುದಿ ಚಿವುಟಿ, ಐದಾರು ಕವಲು ಬಂದು ಒಂದಿಷ್ಟು ಉದ್ದ ಆಗೋವರೆಗೆ ರಾತ್ರಿ ದೀಪ ಇದ್ದರೆ ಒಳ್ಳೆಯದೇ. ಆಮೇಲೆ ಚಿವುಟೋದು ನಿಲ್ಲಿಸಿ. ಹಗಲು ಬಿಸಿಲು ಕಿಟಕಿ, ಸಂಜೆ 6ಕ್ಕೆ ಮೇಲೊಂದು ದೊಡ್ಡ ರಟ್ಟಿನ ಡಬ್ಬ, ಬೆಳಗ್ಗೆ 8ಕ್ಕೆ ತೆಗೀರಿ. ಮೊಗ್ಗಲ್ಲಿ ಬಣ್ಣ ಕಾಣೋವರೆಗೂ ತಪ್ಪಿಸಬೇಡಿ, ವೀಕೆಂಡಲ್ಲೂ. ತಳಿ ನೋಡಿಕೊಂಡು 8ರಿಂದ 10 ವಾರಕ್ಕೆ ಹೂವು. ದೀಪಾವಳಿಗೆ ಬೇಕಂದ್ರೆ ಎರಡೂವರೆ ತಿಂಗಳು ಹಿಂದಕ್ಕೆ ಎಣಿಸಿ, ಅವತ್ತೇ ಡಬ್ಬ ಮುಚ್ಚಿ.