ಸ್ಟೆಂಟ್ ಹಾಕುವಾಗಲೇ ಹಾರ್ಟ್ ಅಟ್ಯಾಕಾ?

ಕಟ್ಟಿಕೊಂಡ ಹೃದಯದ ರಕ್ತನಾಳ ತೆರೆಯೋಕೆ ಹಾಕೋ ಸ್ಟೆಂಟು,
ಅದರಿಂದಲೇ ಅಟ್ಯಾಕ್ ಆಗುತ್ತಾ?
ಆಗಬಹುದು. ಎಲ್ಲೋ ಕೆಲವರಿಗೆ.

ನಮ್ಮ ದೇವಸಮುದ್ರದ ಹೊಲಗಳ ಡ್ರಿಪ್ ಪೈಪು ನೋಡಿದೀರಲ್ಲ?
ದೊಡ್ಡ ಪೈಪಿನ ಕೆಸರು ಬಿಟ್ಟುಕೊಂಡ್ರೆ,
ಮುಂದೆ ಹೋಗಿ ಸಣ್ಣ ತೂತಲ್ಲಿ ಕೂರುತ್ತೆ.
ಹೃದಯದಲ್ಲೂ ಅಷ್ಟೇ.
ಸ್ಟೆಂಟ್ ಕೂರಿಸೋಕೆ ಬಲೂನು ಉಬ್ಬಿಸಿದಾಗ ಕೊಬ್ಬಿನ ಚೂರು ಕಿತ್ತುಬಂದು,
ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು.
ಪಕ್ಕದ ಕವಲೂ ಮುಚ್ಚಬಹುದು.

ಅದಕ್ಕೇ ಆಸ್ಪತ್ರೆಯಲ್ಲಿ ಇಸಿಜಿ,
ಬೇಕಾದ್ರೆ ಟ್ರೋಪೋನಿನ್ ರಕ್ತಪರೀಕ್ಷೆ.

ನನ್ನ ಭಯ ಬೇರೆ.
ಬಳ್ಳಾರಿಯಲ್ಲೋ, ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲೋ ಸ್ಟೆಂಟ್ ಹಾಕಿಸಿಕೊಂಡು ಬರ್ತಾರೆ.
ನೋವಿಲ್ಲ ಅಂತ
ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಬಿಟ್ಟುಬಿಡ್ತಾರೆ!
ಆಗ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಹಲ್ಲು ಕೀಳಿಸೋದಿದ್ರೂ,
ಹೃದಯದ ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ.
ಎದೆ ಹಿಂಡಿದಂಗಾದ್ರೆ 108ಕ್ಕೆ ಫೋನ್ ಮಾಡಿ.
ಸ್ಟೆಂಟ್ ಇದೆ ಅಂತ ಮೊದಲೇ ಹೇಳಿ.