ಬೀಗರ ತೋಟದ ಹುಳಿ ಕಾಫಿ

ನಮ್ಮದು ಅರಸೀಕೆರೆ, ತೆಂಗಿನ ಸೀಮೆ. ಹೋದ ವರ್ಷ ಮಗಳನ್ನು ಬೇಲೂರಿನ ಕಡೆಗೆ ಕೊಟ್ಟೆವು. ಬೀಗರದು ಸಣ್ಣದೊಂದು ಕಾಫಿ ತೋಟ. ಮೊದಲ ಸಲ ಬಂದಾಗ ತಮ್ಮದೇ ಬೀಜ ಹುರಿದು ಬೀಸಿದ ಪುಡಿ ತಂದಿದ್ದರು. ಡಿಕಾಕ್ಷನ್ ಇಳಿಸಿ ನಾಲಿಗೆಗೆ ಮುಟ್ಟಿಸಿದೆ ನೋಡಿ, ಹುಳಿ! ಪುಡಿ ಕೆಟ್ಟಿದೆ ಎಂದುಕೊಂಡೆ. ಹೇಳುವುದು ಹೇಗೆ? ಮರುದಿನ ಡಬ್ಬದಲ್ಲಿದ್ದ ಚಿಕೋರಿಯನ್ನು ಧಾರಾಳವಾಗಿ ಬೆರೆಸಿ ಬೀಗಿತ್ತಿಗೇ ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಇದು ನಮ್ಮ ಪುಡಿಯಾ?” ಅಂದರು. “ಹೂಂ” ಅಂದುಬಿಟ್ಟೆ. ಅವರ ಮುಖ ಬಾಡಿದ್ದು ಇನ್ನೂ ಕಣ್ಣಮುಂದಿದೆ.

ದಸರೆಗೆ ಅವರೂರಿಗೆ ಹೋದೆವು. ಹಳೇಬೀಡಿನಲ್ಲಿ ದೇವಸ್ಥಾನ ನೋಡಿ, ಅಲ್ಲಿಂದ 16 ಕಿಲೋಮೀಟರು ಬೇಲೂರು, ಆಮೇಲೆ ತೋಟ. ಸಂಜೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಚಿಕೋರಿಯ ವಿಷಯ ಒಪ್ಪಿಕೊಂಡೆ. “ಅವತ್ತೇ ಗೊತ್ತಾಗಿತ್ತು ಬಿಡಿ” ಎಂದು ನಕ್ಕು, ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್ ಅರ್ಧ ಲೋಟ ಕೊಟ್ಟರು.

ಆಗ ತಿಳಿದದ್ದು ಇಷ್ಟು. ಅರೇಬಿಕಾ ಎತ್ತರದ ನೆರಳಿನಲ್ಲಿ ನಿಧಾನವಾಗಿ ಮಾಗುವ ಬೀಜ. ತಿಳಿಹುಳಿ ಅದರ ಗುಣ, ದೋಷವಲ್ಲ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪ್ಲಾಂಟೇಷನ್, ಅದರಲ್ಲಿ ಹುಳಿ ಎದ್ದು ಕಾಣುತ್ತದೆ. ಹಣ್ಣಿನ ಸಮೇತ ಒಣಗಿಸಿದ್ದು ಚೆರ್ರಿ. ರೋಬಸ್ಟಾಕ್ಕೆ ಕಹಿ ಜಾಸ್ತಿ, ಕೆಫೀನೂ ಸುಮಾರು ಎರಡರಷ್ಟು. ಕಪ್ಪಗೆ ಹುರಿದರೆ ಯಾವ ಬೀಜದ ಹುಳಿಯೂ ಅಡಗುತ್ತದೆ. ಚಿಕೋರಿಯಂತೂ ಕಾಫಿಯೇ ಅಲ್ಲ, ಹುರಿದ ಬೇರು. ಬಣ್ಣಕ್ಕೂ ಗಟ್ಟಿತನಕ್ಕೂ ಹಾಕುವುದು. ಪೊಟ್ಟಣದ ಮೇಲೆ ಅದರ ಪ್ರಮಾಣ ಬರೆದಿರುತ್ತದೆ, 49 ಭಾಗದವರೆಗೂ ಇರಬಹುದು. ನಾವು ಓದುವುದಿಲ್ಲ ಅಷ್ಟೆ.

ಬೀಗಿತ್ತಿಯ ಕಿರಿಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ರೀಸ್ಲಿಂಗ್ ಎಂಬ ದ್ರಾಕ್ಷಿಯಿಂದ ಸಿಹಿಯಿಲ್ಲದ ಬಿಳಿ ವೈನು ಮಾಡುತ್ತಾರಂತೆ, ಅದರ ಹುಳಿಯನ್ನೇ ಮೆಚ್ಚಿ, ಹೊಳೆ ಮೀನಿಗೋ ಹಂದಿ ಮಾಂಸಕ್ಕೋ ಜೋಡಿಸುತ್ತಾರಂತೆ. ವೈನು ನಮ್ಮ ಮನೆಗೆ ಸೇರದ ಮಾತು. ಆದರೆ ಜಿಡ್ಡಿಗೆ ಹುಳಿ ಜೊತೆಯಾಗುತ್ತದೆ ಅನ್ನುವ ಲೆಕ್ಕ ನಮ್ಮ ಒಲೆಯ ಮುಂದೂ ಸರಿಯೇ.

ಅಂದು ಬಿಸಿ ಅಕ್ಕಿ ರೊಟ್ಟಿ, ಬೆಣ್ಣೆ, ಕಾಯಿ ಚಟ್ನಿ ಮಾಡಿದ್ದರು. ಬೆಣ್ಣೆ ಹಚ್ಚಿದ ಒಂದು ತುತ್ತು, ಒಂದು ಗುಟುಕು ಕಾಫಿ. ಬಾಯಿಯ ಜಿಡ್ಡು ತೊಳೆದಂತಾಗಿ ಮತ್ತೆ ರೊಟ್ಟಿ ಬೇಕೆನಿಸಿತು. ಊರಿಗೆ ಬಂದು ನಾನೂ ಮಾಡಿ ನೋಡಿದೆ. ಕೋಡುಬಳೆ, ಬೆಣ್ಣೆ ಮುರುಕು, ಖಾಲಿ ದೋಸೆಗೆ ಒಳ್ಳೆಯ ಜೋಡಿ. ನಮ್ಮ ಅರಸೀಕೆರೆಯ ಒಣಕೊಬ್ಬರಿ ಚೂರಿಗಂತೂ ಹೇಳಿ ಮಾಡಿಸಿದ್ದು. ನಿಂಬೆ ಚಿತ್ರಾನ್ನ, ಹುಣಸೆ ಗೊಜ್ಜಿನ ಜೊತೆ ಮಾತ್ರ ಬೇಡ; ಹುಳಿ ಮೇಲೆ ಹುಳಿ ಬಿದ್ದು ಕಾಫಿ ಸಪ್ಪೆ. ಜಾಮೂನು ತಿಂದ ಬಾಯಿಗೆ ಇದು ಬರೀ ಹುಳಿ.

ಎರಡು ಲೋಟಕ್ಕೆ ಮೂರು ಚಮಚ ಪುಡಿ ಹಾಕಿ. ಕುದಿದ ನೀರನ್ನು ಅರೆ ನಿಮಿಷ ಬಿಟ್ಟು ಸುರಿಯಿರಿ, ಇಪ್ಪತ್ತು ನಿಮಿಷ ಮುಟ್ಟಬೇಡಿ. ಹಾಲು ಹೊಸದೇ ಇರಲಿ. ಹಿಂದಿನ ದಿನದ ಹಾಲು ಈ ಹುಳಿಗೆ ಒಡೆದು ಬಿಡಬಹುದು, ನಂಟರೆದುರು ಮಾನ ಹೋದೀತು.

ನಮ್ಮ ಮನೆಯವರಿಗೆ ಇವತ್ತಿಗೂ ಚಿಕೋರಿ ಬೇಕು. ಹಾಗಾಗಿ ಈಗ ಕಟ್ಟೆಯ ಮೇಲೆ ಎರಡು ಫಿಲ್ಟರು. ಬೀಗಿತ್ತಿ ಬಂದಾಗ ಚಿಕ್ಕದರಿಂದ ಬಗ್ಗಿಸುತ್ತೇನೆ.