ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಏಕೆ ಏದುಸಿರು ಬಿಡುತ್ತದೆ?

‘ನಿನ್ನೆವರೆಗೂ ಚೆನ್ನಾಗಿಯೇ ಓಡ್ತಿತ್ತು, ಅಪ್‌ಡೇಟ್ ಆದದ್ದೇ ತಡ, ಸ್ಲೋ ಆಗಿಬಿಟ್ಟಿದೆ.’ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ದೂರು ಇದು. ‘ಮಷೀನ್ ಹಳೇದಾಯ್ತು, ಹೊಸದು ತಗೊಳ್ಳಿ’ ಎಂಬ ಉತ್ತರವೂ ಅಷ್ಟೇ ಮಾಮೂಲು. ಆದರೆ ವೇಗ ಕುಸಿಯುವುದಕ್ಕೆ ಕಾರಣಗಳು ಬೇರೆ ಬೇರೆ. ಕೆಲವು ಒಂದೆರಡು ದಿನಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ. ಕೆಲವು ಸುರಕ್ಷತೆಗಾಗಿ ತೆರಲೇಬೇಕಾದ ಬೆಲೆ. ಇನ್ನು ಕೆಲವನ್ನು ಕಂಪನಿಗಳೇ ಬಳಕೆದಾರರಿಗೆ ಹೇಳದೆ ತಂದಿಟ್ಟಿವೆ.

ಮೊದಲ ಬಗೆಯದು ಸರಳ. ದೊಡ್ಡ ಅಪ್‌ಡೇಟ್ ಮುಗಿದು ಡೆಸ್ಕ್‌ಟಾಪ್ ಕಾಣಿಸಿಕೊಂಡ ಮೇಲೂ ತೆರೆಮರೆಯಲ್ಲಿ ಕೆಲಸ ನಡೆದೇ ಇರುತ್ತದೆ. ಫೈಲ್‌ಗಳನ್ನು ಹುಡುಕಲು ಬೇಕಾದ ಸೂಚಿ ಹೊಸದಾಗಿ ತಯಾರಾಗುತ್ತಿರಬಹುದು, ಆಂಟಿವೈರಸ್ ತಪಾಸಣೆ ಸಾಗಿರಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ‘ಡಿಸ್ಕ್’ ಎಂಬ ಅಂಕಣ ಶೇ 100ಕ್ಕೆ ಅಂಟಿಕೊಂಡಿದ್ದು, ಪ್ರೊಸೆಸರ್ ಮಾತ್ರ ಬಹುತೇಕ ಖಾಲಿ ಕೂತಿದ್ದರೆ ಅಡಚಣೆ ಎಲ್ಲಿದೆ ಎಂಬುದು ಸ್ಪಷ್ಟ. ಯಂತ್ರವನ್ನು ಆನ್ ಮಾಡಿಟ್ಟು ಆ ಕೆಲಸ ಮುಗಿಯಲು ಬಿಡಬೇಕು. ಆಮೇಲೂ ಹಾಗೆಯೇ ಇದ್ದರೆ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಸಾಕಾಗಬಹುದು, ಕಂಪ್ಯೂಟರನ್ನೇ ಬದಲಿಸಬೇಕಿಲ್ಲ.

ಸುರಕ್ಷತೆಗೆ ತೆತ್ತ ಬೆಲೆ

ಎರಡನೆಯ ಬಗೆಗೆ 2018ರ ಜನವರಿಯೇ ಸಾಕ್ಷಿ. ‘ಮೆಲ್ಟ್‌ಡೌನ್’ ಮತ್ತು ‘ಸ್ಪೆಕ್ಟರ್’ ಎಂಬ ದೋಷಗಳು ಆಗ ಬಯಲಾದವು. ಅವು ಇದ್ದದ್ದು ಸಾಫ್ಟ್‌ವೇರ್‌ನಲ್ಲಲ್ಲ, ಪ್ರೊಸೆಸರ್‌ನಲ್ಲೇ. ಸಮಯ ಉಳಿಸಲೆಂದು ಪ್ರೊಸೆಸರ್‌ಗಳು ಮುಂದೆ ಬರಬಹುದಾದ ಕೆಲಸವನ್ನು ಊಹಿಸಿ ಮುಂಚಿತವಾಗಿ ಮಾಡಿಡುತ್ತವೆ. ಊಹೆ ತಪ್ಪಿದರೆ ಫಲಿತಾಂಶವನ್ನು ಎಸೆಯುತ್ತವೆ. ಆದರೆ ಎಸೆದದ್ದರ ಜಾಡು ಕ್ಯಾಶ್ ಮೆಮೊರಿಯಲ್ಲಿ ಉಳಿದು, ಅದರಿಂದ ಪಾಸ್‌ವರ್ಡ್‌ನಂಥ ಗುಟ್ಟನ್ನೂ ಕದಿಯಬಹುದೆಂದು ಸಂಶೋಧಕರು ತೋರಿಸಿದರು.

ಮೆಲ್ಟ್‌ಡೌನ್‌ಗೆ ಪರಿಹಾರವಾಗಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಮೆಮೊರಿಯನ್ನು ಉಳಿದ ಪ್ರೋಗ್ರಾಂಗಳಿಂದ ಬೇರ್ಪಡಿಸಲಾಯಿತು. ಸದಾ ತೆರೆದಿದ್ದ ಕೋಣೆಗೆ ಬೀಗ ಹಾಕಿ, ಹೋಗುವಾಗ ಬರುವಾಗಲೆಲ್ಲ ತೆಗೆದು ಹಾಕುತ್ತಿದ್ದರೆ ಹೊತ್ತು ಹಿಡಿಯದೇ ಇರದು. ಫೈಲ್ ಓದಲು, ನೆಟ್‌ವರ್ಕ್ ಬಳಸಲು ಪ್ರೋಗ್ರಾಂಗಳು ಪದೇ ಪದೇ ಕರ್ನಲ್‌ನ ಮೊರೆ ಹೋಗುತ್ತವೆ. ಪ್ರತಿ ಸಲವೂ ಒಂದಿಷ್ಟು ಸಮಯ ಹೆಚ್ಚಾಗಿ ಖರ್ಚಾಗತೊಡಗಿತು.

ಆ ತಿಂಗಳು ಮೈಕ್ರೋಸಾಫ್ಟ್ ಪರಿಣಾಮವನ್ನು ಬಿಡಿಸಿ ಹೇಳಿತು. ಹೊಸ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 10 ನಿಧಾನವಾಗುವುದು ಶೇ 10ಕ್ಕಿಂತ ಕಡಿಮೆ. 2015ರ ಆಸುಪಾಸಿನ ಅಥವಾ ಅದಕ್ಕೂ ಹಳೆಯ ಯಂತ್ರಗಳಲ್ಲಿ ಹೆಚ್ಚು. ಅಂಥ ಯಂತ್ರಗಳಲ್ಲಿ ವಿಂಡೋಸ್ 7 ಅಥವಾ 8 ಇದ್ದರೆ ಹೆಚ್ಚಿನವರ ಅನುಭವಕ್ಕೇ ಬರುವಷ್ಟು. ಕೊಟ್ಟ ಕಾರಣಗಳಲ್ಲೊಂದು ಗಮನಾರ್ಹ: ಆ ಹಳೆಯ ಆವೃತ್ತಿಗಳಲ್ಲಿ ತೆರೆಯ ಮೇಲೆ ಅಕ್ಷರ ಮೂಡಿಸುವ ಕೆಲಸವೆಲ್ಲ ಕರ್ನಲ್‌ನೊಳಗೇ ನಡೆಯುತ್ತಿತ್ತು. ಇಂಥ ನಷ್ಟವನ್ನು ನಾನು ಒಪ್ಪುತ್ತೇನೆ. ಬ್ಯಾಂಕ್ ಪಾಸ್‌ವರ್ಡ್ ಕಳೆದುಕೊಳ್ಳುವುದಕ್ಕಿಂತ ಕ್ಷಣಕಾಲ ಕಾಯುವುದು ಲೇಸು.

ಮುಚ್ಚಿಟ್ಟದ್ದು ತಪ್ಪು

ಒಪ್ಪಲಾಗದ್ದು ಮೂರನೆಯ ಬಗೆ. 2017ರಲ್ಲಿ ಬಂದ ಐಒಎಸ್ 10.2.1 ಅಪ್‌ಡೇಟ್ ಮೂಲಕ ಆಪಲ್, ಬ್ಯಾಟರಿ ಸವೆದ ಕೆಲವು ಐಫೋನ್‌ಗಳ ವೇಗಕ್ಕೆ ಕಡಿವಾಣ ಹಾಕಿತು. ಸವೆದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾಗದೆ ಫೋನ್ ತಟ್ಟನೆ ಆಫ್ ಆಗುತ್ತಿತ್ತು. ಅದನ್ನು ತಪ್ಪಿಸುವುದು ಉದ್ದೇಶ. ಕಾರಣ ನಿಜವಾದದ್ದೇ. ಆದರೆ ವೇಗ ತಗ್ಗಿಸಿರುವುದನ್ನು ಕಂಪನಿ ಸ್ಪಷ್ಟವಾಗಿ ಒಪ್ಪಿಕೊಂಡದ್ದು ಬಳಕೆದಾರರು ಪರೀಕ್ಷಿಸಿ ಪತ್ತೆಹಚ್ಚಿದ ಮೇಲೆ, ಅದೇ ವರ್ಷದ ಡಿಸೆಂಬರ್‌ನಲ್ಲಿ. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತಿದ್ದ ಫೋನನ್ನು ಮುದಿಯಾಯಿತೆಂದು ಬಿಟ್ಟುಕೊಟ್ಟವರ ನಷ್ಟಕ್ಕೆ ಯಾರು ಹೊಣೆ? ಆಪಲ್ ಕ್ಷಮೆ ಕೇಳಿ, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ವಿಧಿಸಿತು. ಗ್ರಾಹಕರಿಗೆ ಮಾಹಿತಿ ಕೊಡದ್ದೇ ಅಲ್ಲಿ ಅಪರಾಧವೆನಿಸಿತು.

ಹಾಗೆಂದು ಅಪ್‌ಡೇಟ್ ನಿಲ್ಲಿಸಬೇಡಿ; ಮುಚ್ಚದ ಕಿಂಡಿಯಿಂದಲೇ ಕಳ್ಳ ಬರುವುದು. ದೊಡ್ಡ ಅಪ್‌ಡೇಟ್‌ಗೆ ಮುಂಚೆ ಫೈಲ್‌ಗಳ ಬ್ಯಾಕಪ್ ಇಟ್ಟುಕೊಳ್ಳಿ. ವಿಂಡೋಸ್‌ನ ಹೊಸ ಆವೃತ್ತಿ ಒಗ್ಗದಿದ್ದರೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ, ಅದರೊಳಗೇ ನಿರ್ಧರಿಸಿ.

ಕಂಪನಿಗಳೂ ತಮ್ಮ ಹೊಣೆ ಅರಿಯಬೇಕು. ಯಾವ ಯಂತ್ರ ಎಷ್ಟು ನಿಧಾನವಾಗಬಹುದು, ಏಕೆ ಎಂಬುದನ್ನು ‘ಇನ್‌ಸ್ಟಾಲ್’ ಗುಂಡಿಯ ಪಕ್ಕದಲ್ಲೇ, ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಕೊಳ್ಳುವ ಸರಕು ಮತ್ತು ಸೇವೆಯ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕರ ಹಕ್ಕು ಎಂದು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ಹಕ್ಕು ಕೊಳ್ಳುವ ದಿನಕ್ಕೇ ಮುಗಿಯಬಾರದು. ಪ್ರತಿ ಅಪ್‌ಡೇಟ್‌ಗೂ ಅನ್ವಯವಾಗಬೇಕು.